ಜಾಗ ರಾಜ್ಯದ್ದು, ಗೇಟಿನ ಕೀಲಿ ಕೌಂಟಿ ಕೈಲಿ: ಕ್ಯಾಲಿಫೋರ್ನಿಯಾ ಪಾರ್ಕುಗಳ ಒಪ್ಪಂದದ ಕಥೆ

ನಾಪಾ ಕಣಿವೆ ಅಂದ್ರೆ ಎಲ್ರಿಗೂ ವೈನೇ ನೆನಪಾಗೋದು, ಆದ್ರೆ ಅಲ್ಲೇ ಬೋಥಿ-ನಾಪಾ ವ್ಯಾಲಿ ಅಂತ ಒಂದು ಸ್ಟೇಟ್ ಪಾರ್ಕ್ ಇದೆ, ರೆಡ್‌ವುಡ್ ಮರಗಳು, ಟೆಂಟ್ ಹಾಕೋಕೆ ಜಾಗ, ಒಂದು ಈಜುಕೊಳ ಎಲ್ಲಾ ಉಂಟು. ಬೋರ್ಡಲ್ಲಿ ಸ್ಟೇಟ್ ಪಾರ್ಕ್ ಅಂತಾನೇ ಇದೆ, ದಾಖಲೆಲೂ ಜಮೀನು ರಾಜ್ಯದ ಹೆಸ್ರಲ್ಲೇ ಇದೆ. ಆದ್ರೆ 2012ರ ಏಪ್ರಿಲ್‌ನಲ್ಲಿ ಗೇಟಲ್ಲಿ ದುಡ್ಡು ಕಲೆಕ್ಟ್ ಮಾಡೋದ್ರಿಂದ ಹಿಡಿದು ಟಾಯ್ಲೆಟ್ ಕ್ಲೀನ್ ಮಾಡ್ಸೋವರೆಗೂ ಎಲ್ಲಾ ಜವಾಬ್ದಾರಿ ಹೋಗಿದ್ದು ನಾಪಾ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಒಂದು ಪಾರ್ಕ್ ಡಿಸ್ಟ್ರಿಕ್ಟ್‌ಗೆ, ಅಂದ್ರೆ ಪಾರ್ಕ್ ನೋಡ್ಕೊಳ್ಳೋಕೇ ಅಂತ ಇರೋ ಸ್ಥಳೀಯ ಸಂಸ್ಥೆಗೆ. ಇದೇನು ಹೊಸ ಐಡಿಯಾ ಅಂದ್ಕೋಬೇಡಿ, ಒಬ್ಬರ ಜಾಗ ಇನ್ನೊಬ್ಬರ ಉಸ್ತುವಾರಿ ಅನ್ನೋದು ಆ ರಾಜ್ಯದಲ್ಲಿ ಪಾರ್ಕ್ ಇಲಾಖೆಗಿಂತ್ಲೂ ಹಳೇದು.

1864ರ ಜೂನ್ 30ಕ್ಕೆ, ಸಿವಿಲ್ ವಾರ್ ಇನ್ನೂ ನಡೀತಿರುವಾಗ್ಲೇ, ಲಿಂಕನ್ ಒಂದು ಕಾಯ್ದೆಗೆ ಸಹಿ ಹಾಕಿ ಯೋಸೆಮಿಟಿ ಕಣಿವೆನ, ಜೊತೆಗೆ ಮಾರಿಪೋಸಾ ಗ್ರೋವ್‌ನ ದೊಡ್ಡ ಸಿಕೋಯಾ ಮರಗಳನ್ನ ಕ್ಯಾಲಿಫೋರ್ನಿಯಾಗೆ ಒಪ್ಪಿಸಿದ್ರು, ಆದ್ರೆ ಷರತ್ತಿನ ಮೇಲೆ: ಸಾರ್ವಜನಿಕರ ಬಳಕೆಗೇ ಇರ್ಬೇಕು, ಯಾವತ್ತೂ ಪರಭಾರೆ ಮಾಡಂಗಿಲ್ಲ. ರಾಜ್ಯ ಅದನ್ನ ಹೇಗೆ ನೋಡ್ಕೊಳ್ತು ಅಂದ್ರೆ ನೆಟ್ಟಗೆ ದುಡ್ಡು ಕೊಡ್ಲಿಲ್ಲ, ಕಣಿವೆ ಒಳಗೆ ಹೋಟ್ಲು, ಬೇಲಿ, ದನ ಮೇಯಿಸೋದು ಎಲ್ಲಾ ನಡೀತು. ಜಾನ್ ಮ್ಯೂರ್ ಥರದ ಪ್ರಕೃತಿ ಪ್ರೇಮಿಗಳು ವರ್ಷಗಟ್ಲೆ ಗಲಾಟೆ ಮಾಡಿದ್ಮೇಲೆ 1906ರಲ್ಲಿ ಅದು ವಾಪಸ್ ಕೇಂದ್ರದ ಕೈಗೆ ಹೋಯ್ತು. ಅಂದ್ರೆ ಷರತ್ತು ಬರೆಯೋದು ಸುಲಭ, ಖರ್ಚು ಯಾರದ್ದು ಅಂತ ಬರೀದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ 42 ವರ್ಷದ ಉದಾಹರಣೆ ಆಗ್ಲೇ ಇತ್ತು.

ರಾಜ್ಯದ ಪಾರ್ಕ್ ವ್ಯವಸ್ಥೆ ಸರಿಯಾಗಿ ಶುರುವಾಗಿದ್ದು 1927-28ರಲ್ಲಿ. ಆಗ ಜನ ವೋಟ್ ಹಾಕಿ 60 ಲಕ್ಷ ಡಾಲರ್‌ನ ಬಾಂಡ್ ಪಾಸ್ ಮಾಡಿದ್ರು, ಅದ್ರಲ್ಲೂ ಒಂದು ಕೊಕ್ಕೆ ಇತ್ತು, ರಾಜ್ಯ ಎಷ್ಟು ಹಾಕುತ್ತೋ ಅಷ್ಟೇ ದುಡ್ಡೋ ಜಮೀನೋ ಬೇರೆ ಕಡೆಯಿಂದ, ಅಂದ್ರೆ ದಾನಿಗಳಿಂದ ಇಲ್ಲಾ ಸ್ಥಳೀಯರಿಂದ, ಬರ್ಬೇಕು. ಹಾಗಾಗಿ ಶುರುವಿಂದ್ಲೇ ಇವು ಪೂರ್ತಿ ರಾಜ್ಯದ್ದೇ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. ಆಮೇಲೆ ಊರುಗಳ ಪಕ್ಕದ ಬೀಚ್‌ಗಳ ವಿಷ್ಯದಲ್ಲಿ ಇದು ಮಾಮೂಲೇ ಆಗೋಯ್ತು. ಡಾಕ್‌ವೈಲರ್, ವಿಲ್ ರೋಜರ್ಸ್ ಬೀಚ್‌ಗಳು ರಾಜ್ಯದ್ದು, ನಡ್ಸೋದು ಲಾಸ್ ಏಂಜಲಿಸ್ ಕೌಂಟಿ. ಸಾಂಟಾ ಮೋನಿಕಾ ಸ್ಟೇಟ್ ಬೀಚ್ ನೋಡ್ಕೊಳ್ಳೋದು ಆ ಊರಿನ ನಗರಾಡಳಿತ. ಮರಳಲ್ಲಿ ಕೂತಿರೋ ಜನಕ್ಕೆ ಇದ್ಯಾವ್ದೂ ಗೊತ್ತಿರಲ್ಲ, ಗೊತ್ತಾಗ್ಬೇಕಾಗೂ ಇಲ್ಲ ಬಿಡಿ. ಅಲ್ಲಿ ಈ ಏರ್ಪಾಡು ನಡೆಯೋಕೆ ಕಾರಣ ಸಿಂಪಲ್, ಪಾರ್ಕಿಂಗ್‌ನಿಂದ ದುಡ್ಡು ಬರುತ್ತೆ, ಲೈಫ್‌ಗಾರ್ಡ್‌ಗಳು ಹೇಗಿದ್ರೂ ಸ್ಥಳೀಯರ ಹತ್ರ ಇದ್ದಾರೆ.

ಕಷ್ಟ ಬಂದಿದ್ದು ದುಡ್ಡು ಬರದ ಪಾರ್ಕುಗಳಿಗೆ. 2010ರ ನವೆಂಬರ್‌ನಲ್ಲಿ ಪ್ರತಿ ವಾಹನಕ್ಕೆ ವರ್ಷಕ್ಕೆ 18 ಡಾಲರ್ ಜಾಸ್ತಿ ತಗೊಂಡು ಪಾರ್ಕುಗಳಿಗೆ ಕೊಡೋಣ ಅಂತ ಪ್ರಪೊಸಿಷನ್ 21 ತಂದ್ರು (ಪ್ರಪೊಸಿಷನ್ ಅಂದ್ರೆ ಜನ ನೇರವಾಗಿ ವೋಟ್ ಹಾಕಿ ತೀರ್ಮಾನಿಸೋ ಪ್ರಸ್ತಾವ), ಜನ ಸೋಲ್ಸಿದ್ರು. 2011ರ ಮೇ ತಿಂಗಳಲ್ಲಿ ರಾಜ್ಯ ಒಂದು ಪಟ್ಟಿ ಬಿಟ್ತು, 278 ಪಾರ್ಕುಗಳಲ್ಲಿ 70 ಬಂದ್, ಅದ್ರಿಂದ ಉಳಿತಾಯ ಆಗೋದು ವರ್ಷಕ್ಕೆ 2.2 ಕೋಟಿ ಡಾಲರ್. ಬೋಥಿ ಪಾರ್ಕೂ ಆ ಪಟ್ಟೀಲಿತ್ತು, ಪಕ್ಕದ ಬೇಲ್ ಗಿರಣೀನೂ ಇತ್ತು, 1846ರದ್ದು, 36 ಅಡಿಯ ನೀರಿನ ಚಕ್ರದ್ದು. ಬಂದ್ ಮಾಡೋದು ಅಂದ್ರೆ ಬರೀ ಗೇಟಿಗೆ ಬೀಗ ಹಾಕಿದ್ರೆ ಮುಗೀತು ಅಂತಲ್ಲ, ಕಾವಲಿಲ್ಲದ ಕಾಡಲ್ಲಿ ಬೆಂಕಿ ಬಿದ್ರೆ ಮೊದ್ಲು ಸುಡೋದು ಪಕ್ಕದ ಊರು, ಅದಕ್ಕೇ ಸ್ಥಳೀಯರು ಇಷ್ಟು ಗಾಬರಿಯಾಗಿದ್ದು.

ಇಲ್ಲೊಂದು ವಿಚಿತ್ರ ನೋಡಿ. 1978ರ ಪ್ರಪೊಸಿಷನ್ 13 ಆಸ್ತಿ ತೆರಿಗೆಗೆ ಮಿತಿ ಹಾಕಿದ್ಮೇಲೆ ಕೌಂಟಿಗಳೇ ರಾಜ್ಯದ ಮುಖ ನೋಡ್ಕೊಂಡು ಬದುಕೋ ಸ್ಥಿತಿ, ಈಗ ಅದೇ ಕೌಂಟಿಗಳು ರಾಜ್ಯದ ಆಸ್ತಿ ಉಳ್ಸೋಕೆ ಹೋಗ್ಬೇಕಾಯ್ತು. ನಾಪಾದ ಡಿಸ್ಟ್ರಿಕ್ಟ್ ಹುಟ್ಟಿದ್ದೇ 2006ರ ವೋಟಿಂಗ್‌ನಲ್ಲಿ, ಸಣ್ಣ ಸಂಸ್ಥೆ, ಆಗ ಸ್ವಂತ ತೆರಿಗೆನೂ ಇರ್ಲಿಲ್ಲ. ಆದ್ರೂ ಎರಡೂ ಜಾಗ ವಹಿಸ್ಕೊಂಡ್ರು, ಹಳೇ ಕ್ಯಾಬಿನ್ ರಿಪೇರಿ ಮಾಡ್ಸಿದ್ರು, ಯರ್ಟ್ (ದುಂಡನೆ ಟೆಂಟಿನಂಥ ಮನೆ) ಹಾಕಿದ್ರು, ಗಿರಣೀಲಿ ಹಿಟ್ಟು ಬೀಸೋದು ನಿಲ್ಲಲಿಲ್ಲ. ಆಮೇಲೆ ರಾಬರ್ಟ್ ಲೂಯಿ ಸ್ಟೀವನ್‌ಸನ್ ಪಾರ್ಕ್ ಕೂಡ ಇವ್ರ ಕೈಗೇ ಬಂತು. ನನ್ ಪ್ರಕಾರ ಇಲ್ಲಿ ಗುಟ್ಟು ಏನಂದ್ರೆ, ರಾಜ್ಯ ನಡ್ಸುವಾಗ ಟೆಂಟಿನ ಬಾಡಿಗೆ ಎಲ್ಲಾ ಪಾರ್ಕುಗಳ ಒಂದೇ ಫಂಡ್‌ಗೆ ಹೋಗ್ತಿತ್ತು, ಒಪ್ಪಂದ ಆದ್ಮೇಲೆ ಇಲ್ಲಿ ಹುಟ್ಟಿದ ದುಡ್ಡು ಇಲ್ಲೇ ಉಳೀತು. ಸಿಬ್ಬಂದಿ ಕಮ್ಮಿ ಇದ್ರೂ ಒಂದು ಕ್ಯಾಬಿನ್ ಜಾಸ್ತಿ ಬುಕ್ ಮಾಡ್ಸೋಕೆ ಅವ್ರಿಗೆ ಕಾರಣ ಇತ್ತು.

ಪಕ್ಕದ ಸೊನೋಮಾ ಕೌಂಟಿ ಆನಡೆಲ್ ಪಾರ್ಕನ್ನ ಒಂದು ವರ್ಷದ ಮಟ್ಟಿಗೆ ತಗೊಂಡು ಆಮೇಲೆ ರಾಜ್ಯಕ್ಕೆ ವಾಪಸ್ ಕೊಡ್ತು, ಅದೂ ಒಂದು ದಾರೀನೇ.

ಇಷ್ಟೆಲ್ಲಾ ಆಗಿ 2012ರ ಜುಲೈನಲ್ಲಿ ಗೊತ್ತಾಗಿದ್ದೇನು? ಪಾರ್ಕ್ ಇಲಾಖೆಯ ಎರಡು ಫಂಡ್‌ಗಳಲ್ಲಿ ಸುಮಾರು 5.4 ಕೋಟಿ ಡಾಲರ್ ಲೆಕ್ಕಕ್ಕೆ ತೋರಿಸ್ದೇ ಸುಮ್ನೆ ಬಿದ್ದಿತ್ತು! ನಿರ್ದೇಶಕಿ ರೂತ್ ಕೋಲ್ಮನ್ ರಾಜೀನಾಮೆ ಕೊಟ್ರು, ಪಾರ್ಕು ಉಳ್ಸೋಕೆ ಅಂತ ಚಂದಾ ಎತ್ತಿದ್ದ ಜನ ಕೆಂಡ ಆದ್ರು, ಶಾಸಕರು ಎರಡು ವರ್ಷ ಪಾರ್ಕ್ ಬಂದ್ ಮಾಡಂಗಿಲ್ಲ ಅಂತ ಕಾನೂನು ತಂದ್ರು. ಆದ್ರೆ ಆ ದುಡ್ಡು ಮೊದ್ಲೇ ಸಿಕ್ಕಿದ್ರೂ ಅಂಥದ್ದೇನೂ ಬದಲಾಗ್ತಿರ್ಲಿಲ್ಲ, ಯಾಕಂದ್ರೆ ಬಾಕಿ ಬಿದ್ದಿದ್ದ ರಿಪೇರಿನೇ 100 ಕೋಟಿ ಡಾಲರ್ ದಾಟಿತ್ತು. ಒಪ್ಪಂದಗಳಲ್ಲಿ ನಿಜವಾದ ಜಗಳ ಇರೋದು ಅಲ್ಲೇ. ಕಸ ತೆಗೆಯೋದು, ಹುಲ್ಲು ಕತ್ತರ್ಸೋದು ಕೌಂಟಿ ಮಾಡುತ್ತೆ, ಸರಿ. ಐವತ್ತು ವರ್ಷದ ನೀರಿನ ಪೈಪ್‌ಲೈನ್ ಒಡೆದ್ರೆ ಬಿಲ್ ಯಾರಿಗೆ? ಐದು ವರ್ಷಕ್ಕೆ ಮುಗಿಯೋ ಒಪ್ಪಂದದ ಮೇಲೆ ನಂಬಿಕೆ ಇಟ್ಟು ರಾಜ್ಯದ ಜಮೀನಲ್ಲಿ ಮೂವತ್ತು ವರ್ಷ ಬಾಳೋ ಪೈಪ್ ಹಾಕೋಕೆ ಯಾವ ಸ್ಥಳೀಯ ಸಂಸ್ಥೆ ತಾನೇ ಧೈರ್ಯ ಮಾಡುತ್ತೆ? ಅವಧಿ ಉದ್ದ ಬೇಕು ಅಂತ ಸ್ಥಳೀಯರು ಪಟ್ಟು ಹಿಡಿಯೋದೂ ಇದಕ್ಕೇ, ಉದ್ದ ಕೊಟ್ರೆ ಪಾರ್ಕು ಪೂರ್ತಿ ಕೈಬಿಟ್ಟಂಗೆ ಅಂತ ರಾಜ್ಯ ಹಿಂಜರಿಯೋದೂ ಇದಕ್ಕೇ.