ಕಾಗದದ ಮೇಲಿನ ಚಿತ್ರ ಅಂದ್ರೆ ಬರೀ ಸ್ಕೆಚ್ ಅಲ್ವಾ?

ಪ್ರಶ್ನೆ: ಹರಾಜಿನ ಕ್ಯಾಟಲಾಗ್‌ನಲ್ಲಿ ಕಲಾವಿದೆ ನಸ್ರೀನ್ ಮೊಹಮದಿ ಅವರ ಚಿತ್ರವೊಂದನ್ನು ನೋಡಿದೆ. ಕಾಗದ, ಶಾಯಿ, ಪೆನ್ಸಿಲ್, ಅಷ್ಟೇ. ಹೆಸರಿಲ್ಲ, ಇಸವಿಯೂ ಇಲ್ಲ. ಪೇಂಟಿಂಗ್‌ಗೆ ಮೊದಲು ಮಾಡಿಕೊಂಡ ಸ್ಕೆಚ್‌ಗೆ ಇಷ್ಟೊಂದು ಬೆಲೆ ಯಾಕೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಬೆಲೆಯ ಮಾತು ಆಮೇಲೆ. ಮೊದಲು ಆ ‘ಸ್ಕೆಚ್’ ಅನ್ನೋದನ್ನು ದಯವಿಟ್ಟು ಬಿಡಿ.

ನಸ್ರೀನ್ ಹುಟ್ಟಿದ್ದು 1937ರಲ್ಲಿ, ಕರಾಚಿಯಲ್ಲಿ. ಲಂಡನ್, ಪ್ಯಾರಿಸ್‌ಗಳಲ್ಲಿ ಕಲಿತು 1972ರಿಂದ ಬರೋಡಾದಲ್ಲಿ ಕಲೆಯ ಪಾಠ ಮಾಡಿದರು. ಶುರುವಿನಲ್ಲಿ ಕ್ಯಾನ್ವಾಸ್ ಮೇಲೂ ಚಿತ್ರ ಬರೆದಿದ್ದಾರೆ. ಎಪ್ಪತ್ತರ ದಶಕದ ಹೊತ್ತಿಗೆ ಅದನ್ನು ಬಿಟ್ಟು ಕಾಗದ, ಶಾಯಿ, ಪೆನ್ಸಿಲ್‌ಗೆ ಬಂದು ನಿಂತರು. 1990ರಲ್ಲಿ ತೀರಿಕೊಳ್ಳುವವರೆಗೂ ಅದೇ. ಹಾಗಾದರೆ ಇದು ಯಾವ ಪೇಂಟಿಂಗ್‌ನ ಸ್ಕೆಚ್? ಅಂಥ ಪೇಂಟಿಂಗೇ ಇಲ್ಲ!

ಒಮ್ಮೆ ಹತ್ತಿರ ಹೋಗಿ ನೋಡಿ. ದೂರದಿಂದ ಸ್ಕೇಲ್ ಇಟ್ಟು ಎಳೆದ ಹಾಗೆ ಕಾಣುವ ಅಡ್ಡಗೆರೆಗಳು. ಹೌದು, ನಕ್ಷೆ ಬರೆಯುವವರ ಸಲಕರಣೆಗಳನ್ನೇ ಅವರು ಬಳಸುತ್ತಿದ್ದರು. ಆದರೆ ಒಂದು ಗೆರೆ ದಟ್ಟವಾಗಿ ಹೊರಟು ಹೋಗ್ತಾ ಹೋಗ್ತಾ ತಿಳಿಯಾಗುತ್ತದೆ, ಪಕ್ಕದ್ದು ನಡುವೆ ತುಂಡಾಗಿ ಮತ್ತೆ ಶುರುವಾಗುತ್ತದೆ, ಎರಡು ಗೆರೆಗಳ ನಡುವಿನ ಜಾಗ ಕೂದಲೆಳೆಯಷ್ಟು ಹೆಚ್ಚಾಗುತ್ತದೆ, ಅಷ್ಟರಲ್ಲೇ ಚಪ್ಪಟೆ ಕಾಗದ ಆಳಕ್ಕೆ ಇಳಿದ ಹಾಗೆ ಕಾಣುತ್ತದೆ. ಶಾಯಿ ಒಮ್ಮೆ ಜಾಸ್ತಿ ಇಳಿದರೆ ಮುಗಿಯಿತು, ಕ್ಯಾನ್ವಾಸ್‌ನಲ್ಲಿ ಮಾಡುವ ಹಾಗೆ ಮೇಲೆ ಬಣ್ಣ ಬಳಿದು ಮುಚ್ಚುವ ಹಾಗಿಲ್ಲ. ಅವರಿಗೆ ನರಗಳ ಕಾಯಿಲೆ ಇತ್ತು, ಬರಬರುತ್ತಾ ಮೈ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಆ ವರ್ಷಗಳ ಗೆರೆಗಳೂ ನಡುಗಿಲ್ಲ. ಇದನ್ನು ಕಚ್ಚಾ ಕೆಲಸ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇವರೊಬ್ಬರೇ ಅಲ್ಲ. ಚಿತ್ರಕಲಾವಿದ ವಿ. ಎಸ್. ಗಾಯತೊಂಡೆ ಅವರೂ 1984ರ ಅಪಘಾತದ ನಂತರ ದೊಡ್ಡ ಕ್ಯಾನ್ವಾಸ್ ಬಿಟ್ಟು ಕೆಲವು ವರ್ಷ ಕಾಗದದ ಮೇಲೆ ಶಾಯಿಯಲ್ಲಿ ಕೆಲಸ ಮಾಡಿದರು. ಅವೂ ಪೂರ್ತಿಯಾದ ಚಿತ್ರಗಳೇ.

ಇನ್ನು ಬೆಲೆ. ಒಬ್ಬರೇ ಕಲಾವಿದರ ಕ್ಯಾನ್ವಾಸ್‌ಗಿಂತ ಕಾಗದದ ಕೆಲಸ ಸಾಮಾನ್ಯವಾಗಿ ಅಗ್ಗ, ನಿಮ್ಮ ತಪ್ಪು ಕಲ್ಪನೆ ಹುಟ್ಟಿದ್ದೂ ಅಲ್ಲಿಂದಲೇ. ನಸ್ರೀನ್ ವಿಷಯದಲ್ಲಿ ಆ ಲೆಕ್ಕ ನಡೆಯಲ್ಲ, ಅವರ ಮುಖ್ಯ ಕೆಲಸವೆಲ್ಲ ಕಾಗದದಲ್ಲೇ ಇದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 2016ರಲ್ಲಿ ಮೆಟ್ ಬ್ರಾಯರ್ ಎಂಬ ತನ್ನ ಶಾಖೆ ತೆರೆದಾಗ ಅಲ್ಲಿನ ಮೊದಲ ಪ್ರದರ್ಶನಗಳಲ್ಲಿ ಇವರದೂ ಒಂದು. ಹೆಸರು, ಇಸವಿ ಇಲ್ಲ ಅಂದಿರಲ್ಲ, ಅವರು ಹೆಚ್ಚಿನ ಚಿತ್ರಗಳಿಗೆ ಅದನ್ನು ಬರೆಯುತ್ತಲೇ ಇರಲಿಲ್ಲ. ಅದಕ್ಕೇ ಚಿತ್ರ ಅವರ ಕೈಯಿಂದ ಯಾರ ಮನೆಗೆ ಹೋಯಿತು, ಆಮೇಲೆ ಎಲ್ಲೆಲ್ಲಿತ್ತು ಅನ್ನುವ ದಾಖಲೆಗೆ ಅಷ್ಟು ತೂಕ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಇಂಥದ್ದನ್ನು ಕೊಂಡರೆ ಎಲ್ಲಿ ನೇತುಹಾಕುತ್ತೀರಿ? ಕಿಟಕಿಯ ಎದುರು ಮಾತ್ರ ಬೇಡ. ಮ್ಯೂಸಿಯಂಗಳು ಕಾಗದದ ಕೆಲಸವನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ತೋರಿಸಿ ಮತ್ತೆ ಕತ್ತಲಲ್ಲಿ ಇಡುತ್ತವೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಹೊರಗೋಡೆಗೆ ಹಾಕಲೇಬೇಡಿ, ತೇವಕ್ಕೆ ಕಾಗದದಲ್ಲಿ ಕಂದು ಚುಕ್ಕೆ ಏಳುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು. ಫ್ರೇಮ್ ಒಳಗೆ ಚಿತ್ರದ ಸುತ್ತ ಇಡುವ ರಟ್ಟು, ಅಂದರೆ ಮೌಂಟ್ ಬೋರ್ಡ್, ಆಮ್ಲ ಇಲ್ಲದ್ದೇ ಆಗಬೇಕು, ಅಗ್ಗದ ಬೋರ್ಡ್ ಹಾಕಿದರೆ ಅಂಚಿನುದ್ದಕ್ಕೂ ಕಂದು ಗೆರೆ ಮೂಡುತ್ತದೆ. ಹಾಗಾಗಿ ಬಿಡ್ ಮಾಡುವ ಮೊದಲೇ ಕಂಡಿಷನ್ ರಿಪೋರ್ಟ್ (ಚಿತ್ರ ಈಗ ಯಾವ ಸ್ಥಿತಿಯಲ್ಲಿದೆ ಅನ್ನುವ ವರದಿ) ಕೇಳಿ, ಜೊತೆಗೆ ಫ್ರೇಮ್‌ನಿಂದ ಹೊರಗೆ ತೆಗೆದು ತೆಗೆದ ಫೋಟೋಗಳನ್ನೂ ಕೇಳಿ, ಮುಂದಿನದು ಮಾತ್ರ ಅಲ್ಲ, ಹಿಂಬದಿಯದೂ.