ಅಳಿಸಬೇಡಿ, ಆ ತಪ್ಪು ನನಗೆ ಬೇಕು

ಎರಡನೇ ತರಗತಿಯ ಹುಡುಗನೊಬ್ಬನ ಲೆಕ್ಕದ ಪುಟ ನನ್ನ ಮುಂದಿದೆ. ಅವನ ತಾಯಿ ಫೋಟೊ ತೆಗೆದು ಕಳಿಸಿದ್ದಾರೆ. ಎಂಟು ಕಳೆಯುವ ಲೆಕ್ಕ, ಎಂಟೂ ಸರಿ. ಆದರೆ ಉತ್ತರ ಬರೆದ ಜಾಗದಲ್ಲೆಲ್ಲ ಕಾಗದ ಸ್ವಲ್ಪ ಒರಟಾಗಿದೆ, ರಬ್ಬರ್ ಉಜ್ಜಿದ ಗುರುತು. ಫೋಟೊ ದೊಡ್ಡದು ಮಾಡಿ ನೋಡಿದೆ. 52ರಲ್ಲಿ 27 ಕಳೆದು ಬರೆದ 25ರ ಅಡಿಯಲ್ಲಿ ಇನ್ನೊಂದು ಸಂಖ್ಯೆ ಮಸುಕಾಗಿ ಕಾಣಿಸಿತು. 35.

ನನಗೆ ಬೇಕಾಗಿದ್ದುದು ಆ 35. ಬಿಡಿಯ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲ. ಹುಡುಗ ಅದನ್ನು ತಿರುಗಿಸಿ 7ರಲ್ಲಿ 2 ಕಳೆದಿದ್ದಾನೆ, 5 ಬಂದಿದೆ. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋಗಿ 3. ಇದು ಗಮನ ಕೊಡದೆ ಮಾಡಿದ ತಪ್ಪಲ್ಲ. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಅಂತ ಹಿಂದಿನ ವರ್ಷ ಕಲಿತದ್ದನ್ನು ಅವನು ನಿಯತ್ತಾಗಿ ಪಾಲಿಸಿದ್ದಾನೆ. ಒಂದು ಹತ್ತನ್ನು ಬಿಡಿಸಿ ಪಕ್ಕದ ಸ್ಥಾನಕ್ಕೆ ಕೊಡುವುದು ಇನ್ನೂ ಅವನ ಕೈಗೆ ಹತ್ತಿಲ್ಲ, ಅಷ್ಟೆ. ತಾಯಿ ಪ್ರೀತಿಯಿಂದ ಅಳಿಸಿ ತಿದ್ದಿಸಿದ್ದರು. ರಬ್ಬರ್ ಇನ್ನೂ ಸ್ವಲ್ಪ ಚೆನ್ನಾಗಿದ್ದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹಲವು ವರ್ಷಗಳಿಂದ ಪ್ರಾಥಮಿಕ ತರಗತಿಯ ಮಕ್ಕಳಿಗೆ ಆನ್‌ಲೈನ್‌ನಲ್ಲೂ, ಕೆಲವು ದಿನ ಶಾಲೆ ಕೆಲವು ದಿನ ಮನೆ ಅನ್ನುವ ಹೈಬ್ರಿಡ್ ಪದ್ಧತಿಯಲ್ಲೂ ಪಾಠ ಮಾಡುತ್ತಿದ್ದೇನೆ. ಮಗುವನ್ನು ಇಂಥ ಶಾಲೆಗೆ ಸೇರಿಸಬೇಕು ಅಂತಿರುವ ತಂದೆತಾಯಿ ಮೊದಲು ಕೇಳುವುದು ಯಾವ ಲ್ಯಾಪ್‌ಟಾಪ್ ಬೇಕು, ನೆಟ್ ಸ್ಪೀಡ್ ಎಷ್ಟಿರಬೇಕು ಅಂತ. ನಾನು ಅವರನ್ನು ಕೇಳುವುದು ಬೇರೆಯೇ. ಹಗಲು ಹೊತ್ತು ಮಗುವಿನ ಪಕ್ಕ ಯಾರಿರುತ್ತಾರೆ? ಎಷ್ಟು ಗಂಟೆ ಇರುತ್ತಾರೆ? ಐದು ವರ್ಷದಿಂದ ಹತ್ತು ವರ್ಷದ ಮಕ್ಕಳ ವಿಷಯದಲ್ಲಿ ಈ ಶಾಲೆ ನಡೆಯುತ್ತದೋ ಇಲ್ಲವೋ ಅನ್ನುವುದು ಈ ಪ್ರಶ್ನೆಯ ಮೇಲೆ ನಿಂತಿದೆ.

ಇದು ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ ವಿಷಯವೂ ಅಲ್ಲ. ಅಮೆರಿಕದ ಬಾಲ್ಟಿಮೋರ್‌ನ ಕ್ಯಾಲ್ವರ್ಟ್ ಶಾಲೆ 1906ರಲ್ಲೇ ಮನೆಯಲ್ಲಿ ಕಲಿಯುವ ಮಕ್ಕಳಿಗೆ ಅಂಚೆಯಲ್ಲಿ ಪಾಠ ಕಳಿಸಲು ಶುರು ಮಾಡಿತು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ 'ಸ್ಕೂಲ್ ಆಫ್ ದಿ ಏರ್' ಆರಂಭವಾಯಿತು. ನೂರಾರು ಕಿಲೋಮೀಟರ್ ದೂರದ ಜಾನುವಾರು ಸಾಕಣೆಯ ಒಂಟಿ ಮನೆಗಳಲ್ಲಿದ್ದ ಮಕ್ಕಳಿಗೆ ಎರಡೂ ಕಡೆಯಿಂದ ಮಾತಾಡಬಹುದಾದ ರೇಡಿಯೊದಲ್ಲಿ ಪಾಠ. ಮುಂದೆ ರೇಡಿಯೊ ಹೋಗಿ ಉಪಗ್ರಹದ ಇಂಟರ್‌ನೆಟ್ ಬಂತು. ಬದಲಾಗದೆ ಉಳಿದದ್ದು ಮನೆಯಲ್ಲಿ ಮಗುವಿನ ಜೊತೆ ಕೂರುವ ಒಬ್ಬರು ದೊಡ್ಡವರು. ಅಲ್ಲಿ ಅವರನ್ನು 'ಹೋಮ್ ಟ್ಯೂಟರ್' ಅನ್ನುತ್ತಾರೆ. ಅಮೆರಿಕದ ಹಲವು ಆನ್‌ಲೈನ್ ಶಾಲೆಗಳಲ್ಲಿ 'ಲರ್ನಿಂಗ್ ಕೋಚ್' ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಆ ಕುರ್ಚಿ ಖಾಲಿ ಇದ್ದರೆ ಚಿಕ್ಕ ಮಕ್ಕಳ ಆನ್‌ಲೈನ್ ಶಾಲೆ ನಡೆಯುವುದಿಲ್ಲ.

ಹೆಚ್ಚಿನವರಿಗೆ ಆನ್‌ಲೈನ್ ಶಾಲೆ ಅಂದ ಕೂಡಲೇ ನೆನಪಾಗುವುದು 2020. ಆಗ 190ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 160 ಕೋಟಿ ವಿದ್ಯಾರ್ಥಿಗಳ ಓದಿಗೆ ಪೆಟ್ಟು ಬಿತ್ತು. ಶಾಲೆಯ ವೇಳಾಪಟ್ಟಿಯನ್ನು ಹಾಗೇ ಎತ್ತಿ ಸ್ಕ್ರೀನಿನೊಳಗೆ ಇಟ್ಟವರು ಬಹಳ ಜನ. ಆರು ವರ್ಷದ ಮಗು ದಿನಕ್ಕೆ ನಾಲ್ಕೈದು ಗಂಟೆ ಕ್ಯಾಮೆರಾ ಮುಂದೆ ಕೂತಿತು. ಅದು ತುರ್ತಿಗೆ ಮಾಡಿಕೊಂಡ ಏರ್ಪಾಡು. ಆ ಅನುಭವ ಇಟ್ಟುಕೊಂಡು ಇಡೀ ಪದ್ಧತಿಯನ್ನು ಅಳೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಾಗೆಯೇ, ಇವತ್ತಿಗೂ ಯಾವುದಾದರೂ ಶಾಲೆ ಒಂದನೇ ತರಗತಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಲೈವ್ ಕ್ಲಾಸ್ ಇಟ್ಟಿದ್ದರೆ ಅಲ್ಲಿಗೆ ಸೇರಿಸಬೇಡಿ ಅಂತಲೂ ಹೇಳುತ್ತೇನೆ.

ಹಾಗಾದರೆ ಎಷ್ಟಿರಬೇಕು? ಭಾರತದ ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿ 1ರಿಂದ 8ನೇ ತರಗತಿವರೆಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಲೈವ್ ಅವಧಿಗಿಂತ ಜಾಸ್ತಿ ಬೇಡ ಅಂದಿತ್ತು. ಪುಟ್ಟ ತರಗತಿಗಳಿಗೆ ನನ್ನ ಅನುಭವವೂ ಇದರ ಹತ್ತಿರವೇ ಇದೆ. ಲೈವ್ ಕ್ಲಾಸಿನಲ್ಲಿ ಹೊಸ ವಿಷಯ ತೋರಿಸುತ್ತೇನೆ, ನಾಲ್ಕೈದು ಮಕ್ಕಳ ಗುಂಪು ಮಾಡಿ ಮಾತಾಡಿಸುತ್ತೇನೆ. ಉಳಿದ ಕಲಿಕೆ ಸ್ಕ್ರೀನಿನ ಹೊರಗೆ. ಪುಸ್ತಕ, ಪೆನ್ಸಿಲ್, ಕಡ್ಡಿಗಳು, ಮಣಿಗಳು, ಜೋರಾಗಿ ಓದುವುದು. ಆನ್‌ಲೈನ್ ಶಾಲೆ ಅಂತ ಹೆಸರು, ಆದರೆ ಚೆನ್ನಾಗಿ ನಡೆಯುವ ಕಡೆ ಪುಟ್ಟ ಮಗುವಿನ ದಿನದಲ್ಲಿ ಹೆಚ್ಚು ಹೊತ್ತು ಆಫ್‌ಲೈನೇ.

ಆ ಹೊತ್ತನ್ನು ನಡೆಸುವವರು ಮನೆಯವರು. ಇಲ್ಲಿ ಬಹಳ ಜನ ಹೆದರುತ್ತಾರೆ, 'ನನಗೆ ಪಾಠ ಮಾಡೋಕೆ ಬರಲ್ಲ' ಅಂತಾರೆ. ಪಾಠ ಮಾಡುವುದು ನನ್ನ ಕೆಲಸ, ಅದನ್ನು ನನಗೇ ಬಿಡಿ. ನಿಮ್ಮಿಂದ ಬೇಕಾದದ್ದು ಹೊತ್ತಿಗೆ ಸರಿಯಾಗಿ ಕೂರಿಸುವುದು, ಪುಸ್ತಕ ತೆಗೆದಿಡುವುದು, ಮಗು ಮಾಡುವುದನ್ನು ನೋಡುವುದು, ಇದ್ದದ್ದನ್ನು ಇದ್ದ ಹಾಗೆ ನನಗೆ ತಲುಪಿಸುವುದು. ಓದುಬರಹ ಅಷ್ಟಾಗಿ ಬಾರದ ಅಜ್ಜಿಯೊಬ್ಬರು ಈ ಕೆಲಸವನ್ನು ನಾನು ಕಂಡ ಎಷ್ಟೋ ಓದಿದವರಿಗಿಂತ ಚೆನ್ನಾಗಿ ಮಾಡಿದರು. ಅವರು ಮೊಮ್ಮಗಳ ಪಕ್ಕ ಕೂತು 'ಅದು ಹೇಗೆ ಬಂತು, ನನಗೂ ಹೇಳೇ' ಅಂತ ಕೇಳುತ್ತಿದ್ದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಡುಗಿ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ತನ್ನ ತಪ್ಪನ್ನು ತಾನೇ ಹಿಡಿಯುತ್ತಿದ್ದಳು.

ಕಷ್ಟ ಆಗುವುದು ಉತ್ತರ ಹೇಳಿಕೊಡುವವರಿಂದ. ಲೈವ್ ಕ್ಲಾಸಿನಲ್ಲಿ ಪ್ರಶ್ನೆ ಕೇಳುತ್ತೇನೆ. ಮಗುವಿನ ಕಣ್ಣು ಒಂದು ಕ್ಷಣ ಎಡಕ್ಕೆ ಹೋಗಿ ವಾಪಸ್ ಬರುತ್ತದೆ. ಆಮೇಲೆ ಉತ್ತರ ಬರುತ್ತದೆ. ಕ್ಯಾಮೆರಾದ ಆಚೆ ಯಾರೋ ಪಿಸುಗುಟ್ಟಿದ್ದಾರೆ ಅಂತ ನನಗೆ ತಿಳಿಯುತ್ತದೆ. ಬೈಯಲು ಮನಸ್ಸು ಬರುವುದಿಲ್ಲ. ಎಲ್ಲರ ಮುಂದೆ ತನ್ನ ಮಗು ತಡವರಿಸುವುದನ್ನು ನೋಡಿ ಸುಮ್ನೆ ಇರುವುದು ಯಾರಿಗೂ ಸುಲಭ ಅಲ್ಲ, ಅಲ್ವಾ? ಆದರೂ ಸುಮ್ನಿರಿ. ಮಗು ಹತ್ತು ಸೆಕೆಂಡು ಮೌನವಾಗಿದ್ದರೆ ನಾನು ಕಾಯುತ್ತೇನೆ. ಆ ಹತ್ತು ಸೆಕೆಂಡು ಅದು ಯೋಚಿಸುತ್ತಿರುತ್ತದೆ. ನಿಮ್ಮ ಪಿಸುಮಾತು ಬಂದ ಕೂಡಲೇ ಯೋಚನೆ ನಿಂತು ಹೋಗುತ್ತದೆ.

ಬರವಣಿಗೆಯಲ್ಲಿ ಇನ್ನೊಂದು ತೊಂದರೆ ಇದೆ. ಫೋಟೊದಲ್ಲಿ ನನಗೆ ಕಾಣುವುದು ಬರೆದು ಮುಗಿಸಿದ ಅಕ್ಷರ. ಕೈ ಎಲ್ಲಿಂದ ಶುರು ಮಾಡಿತು, ಯಾವ ಕಡೆ ತಿರುಗಿತು, ಪೆನ್ಸಿಲ್ ಹಿಡಿತ ಹೇಗಿತ್ತು ಅನ್ನುವುದು ಕಾಣುವುದಿಲ್ಲ. ಶಾಲೆಯ ಕೋಣೆಯಲ್ಲಾದರೆ ಬೆಂಚಿನ ಹಿಂದೆ ನಿಂತು ನೋಡಿಬಿಡುತ್ತೇನೆ. ಅದಕ್ಕೇ ಒಂದನೇ ತರಗತಿಯವರಿಂದ ವಾರಕ್ಕೆ ಒಂದು ಸಲ ಹದಿನೈದು ಸೆಕೆಂಡಿನ ವೀಡಿಯೊ ಕೇಳುತ್ತೇನೆ. ಮುಖ ಬೇಡ, ಬರೆಯುವ ಕೈ ಮಾತ್ರ. ಕೆಳಗಿನಿಂದ ಮೇಲಕ್ಕೆ ಅಕ್ಷರ ಎಳೆಯುತ್ತಿದ್ದ ಮಗುವೊಂದು ಸಿಕ್ಕಿದ್ದು ಹೀಗೇ. ಮುಗಿದ ಅಕ್ಷರ ದುಂಡಗೆ ಮುದ್ದಾಗಿತ್ತು, ಆದರೆ ಒಂದು ಸಾಲು ಬರೆಯಲು ಉಳಿದವರ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು.

ಓದಿಸುವಾಗಲೂ ಒಂದು ಮಾತು. ಮಕ್ಕಳು ಕಥೆಯನ್ನು ಬಾಯಿಪಾಠ ಮಾಡಿ ಚಿತ್ರ ನೋಡಿಕೊಂಡು ಒಪ್ಪಿಸುತ್ತಾರೆ. ಕೇಳುವವರಿಗೆ ಓದಿದ ಹಾಗೇ ಇರುತ್ತದೆ. ಚಿತ್ರದ ಮೇಲೆ ಕೈ ಇಟ್ಟು ಮುಚ್ಚಿ. ಇಲ್ಲವೇ ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದ ಓದಿಸಿ. ಎಲ್ಲಿ ನಿಲ್ಲುತ್ತದೋ ಆ ಪದಕ್ಕೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡಿ. ಮಾರನೇ ದಿನ ನಾನು ಆ ಚುಕ್ಕಿಗಳಿಂದಲೇ ಶುರು ಮಾಡುತ್ತೇನೆ. ಲೈವ್ ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳಿದ್ದರೆ ಪ್ರತಿಯೊಬ್ಬರ ಓದನ್ನೂ ಕೇಳಲು ನನಗೆ ಹೊತ್ತು ಸಾಲುವುದಿಲ್ಲ. ಆ ಹತ್ತು ನಿಮಿಷ ಮನೆಯಲ್ಲಿ ಯಾರಾದರೂ ಕೂತು ಕೇಳಲೇಬೇಕು.

ಎಷ್ಟು ಗಂಟೆ ಅಂತ ಕೇಳಿದ್ದೆನಲ್ಲ, ಆ ಲೆಕ್ಕ ಹೀಗಿದೆ. ಒಂದು, ಎರಡನೇ ತರಗತಿಗೆ ಓದುವ ಹೊತ್ತೆಲ್ಲ ಯಾರಾದರೂ ಕೈಗೆಟುಕುವಷ್ಟು ಹತ್ತಿರ ಇರಬೇಕು. ಎರಡೂವರೆ ಮೂರು ಗಂಟೆ ಅಂದುಕೊಳ್ಳಿ. ಮೂರು, ನಾಲ್ಕಕ್ಕೆ ಬಂದಾಗ ಅದೇ ಕೋಣೆಯಲ್ಲಿದ್ದರೆ ಸಾಕು, ನಡುವೆ ನಡುವೆ ಎದ್ದು ಬಂದು ನೋಡಬೇಕು. ಐದರಲ್ಲಿ ಬೆಳಗ್ಗೆ ಒಂದು ಸಲ ದಿನದ ಕೆಲಸ ಕೂತು ನೋಡಿ, ಸಂಜೆ ಒಂದು ಸಲ ಪುಸ್ತಕ ತಿರುವಿ ಹಾಕಿದರೆ ಹೆಚ್ಚಿನ ಮಕ್ಕಳು ನಡೆಸಿಕೊಂಡು ಹೋಗುತ್ತಾರೆ. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾ ಒಂದನೇ ತರಗತಿಯ ಮಗುವನ್ನೂ ನೋಡಿಕೊಳ್ಳುತ್ತೇನೆ ಅನ್ನುವವರಿಗೆ ನಾನು ನೇರವಾಗಿ ಹೇಳುತ್ತೇನೆ. ಒಂದೇ ಹೊತ್ತಿಗೆ ಎರಡೂ ಆಗುವುದಿಲ್ಲ. ಮಗುವಿನ ಓದನ್ನು ನಿಮ್ಮ ಕೆಲಸದ ಹೊತ್ತಿನಿಂದ ಆಚೆಗೆ ಜರುಗಿಸಲು ಸಾಧ್ಯವೇ ಅಂತ ಶಾಲೆಯನ್ನು ಕೇಳಿ. ರೆಕಾರ್ಡ್ ಮಾಡಿದ ಪಾಠ ಇರುವ ಕಡೆ ಇದು ಆಗುತ್ತದೆ. ಲೈವ್ ಮಾತ್ರ ಇರುವ ಕಡೆ ಆಗುವುದಿಲ್ಲ.

ಹೈಬ್ರಿಡ್ ಕೇಳಲು ಚೆನ್ನಾಗಿರುತ್ತದೆ. ಎರಡು ದಿನ ಶಾಲೆ, ಮೂರು ದಿನ ಮನೆ. ಅಥವಾ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಗೆಳೆಯರೂ ಸಿಗುತ್ತಾರೆ, ಮನೆಯ ಬಿಡುವೂ ಇರುತ್ತದೆ. ನಾನೂ ಇದನ್ನು ಇಷ್ಟಪಡುತ್ತೇನೆ, ಆದರೆ ಇದು ನಿಲ್ಲುವುದೂ ಬೀಳುವುದೂ ಎರಡರ ನಡುವಿನ ಬೆಸುಗೆಯಲ್ಲಿ. ಶಾಲೆಯ ದಿನ ಒಬ್ಬರು ಟೀಚರ್, ಮನೆಯ ದಿನ ಸ್ಕ್ರೀನಿನಲ್ಲಿ ಇನ್ನೊಬ್ಬರು, ಇಬ್ಬರೂ ಪರಸ್ಪರ ಮಾತಾಡುವುದಿಲ್ಲ ಅಂದರೆ ಮಗುವಿಗೆ ಎರಡು ಅರ್ಧರ್ಧ ಶಾಲೆ ಸಿಗುತ್ತದೆ. ಸೇರಿಸುವ ಮೊದಲು ಕೇಳಿ: ಮಂಗಳವಾರ ಮನೆಯಲ್ಲಿ ಮಾಡಿದ್ದನ್ನು ಬುಧವಾರ ಶಾಲೆಯಲ್ಲಿ ಯಾರು ನೋಡುತ್ತಾರೆ? ಉತ್ತರ ತಡವರಿಸಿದರೆ ಎಚ್ಚರ.

ಒಬ್ಬರೇ ಟೀಚರ್ ಏಕಕಾಲಕ್ಕೆ ಕೋಣೆಯಲ್ಲಿರುವ ಮಕ್ಕಳಿಗೂ ಸ್ಕ್ರೀನಿನಲ್ಲಿರುವ ಮಕ್ಕಳಿಗೂ ಪಾಠ ಮಾಡುವ ಪದ್ಧತಿ ಕೆಲವು ಕಡೆ ಇದೆ. ನಾನು ಅದನ್ನು ಒಂದು ವರ್ಷ ಮಾಡಿದ್ದೇನೆ. ಕೋಣೆಯಲ್ಲಿ ಒಂದು ಮಗು ನೀರಿನ ಬಾಟಲಿ ಬೀಳಿಸುತ್ತದೆ, ಅದನ್ನು ನೋಡುವಷ್ಟರಲ್ಲಿ ಸ್ಕ್ರೀನಿನಲ್ಲಿ ಕೈ ಎತ್ತಿದ್ದ ಮಗು ಕೈ ಇಳಿಸಿಬಿಟ್ಟಿರುತ್ತದೆ. ಆ ಇಳಿದ ಕೈಗಳು ನನ್ನನ್ನು ಈಗಲೂ ಕಾಡುತ್ತವೆ. ಚಿಕ್ಕ ಮಕ್ಕಳಿಗೆ ಇದು ಬೇಡ.

ಶಾಲೆಯ ದಿನಗಳಲ್ಲಿ ಮಕ್ಕಳನ್ನು ಮತ್ತೆ ಕಂಪ್ಯೂಟರ್ ಮುಂದೆ ಕೂರಿಸುವುದನ್ನೂ ಕಂಡಿದ್ದೇನೆ. ಮಕ್ಕಳು ಒಟ್ಟಿಗೆ ಇರುವುದು ವಾರಕ್ಕೆ ಎರಡೇ ದಿನ. ಆಟ, ಗುಂಪಿನ ಕೆಲಸ, ಮುಟ್ಟಿ ಮಾಡುವ ಪ್ರಯೋಗ, ಜಗಳ, ರಾಜಿ ಎಲ್ಲ ಅಲ್ಲೇ ಆಗಬೇಕು.

ಕಣ್ಣಿನ ಬಗ್ಗೆ ಎಲ್ಲ ತಾಯಂದಿರೂ ಕೇಳುತ್ತಾರೆ. ಮಗು ಸ್ಕ್ರೀನಿಗೆ ಮುಖ ಹತ್ತಿರ ತರುತ್ತಿದೆಯೇ, ಕಣ್ಣು ಕಿರಿದು ಮಾಡುತ್ತಿದೆಯೇ ಅಂತ ನೀವೇ ನೋಡಬೇಕು. ತರಗತಿಯಲ್ಲಿ ಹಿಂದಿನ ಬೆಂಚಿನ ಮಗುವಿಗೆ ಬೋರ್ಡ್ ಕಾಣದಿದ್ದರೆ ಟೀಚರ್‌ಗೆ ಗೊತ್ತಾಗುತ್ತದೆ. ಮನೆಯಲ್ಲಿ ಸ್ಕ್ರೀನ್ ಮುಖದ ಮುಂದೆಯೇ ಇರುವುದರಿಂದ ದೂರದ್ದು ಸರಿಯಾಗಿ ಕಾಣದ ತೊಂದರೆ ಬಯಲಿಗೆ ಬರುವುದು ತಡವಾಗುತ್ತದೆ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಹೊರಗಿನ ಬೆಳಕಿನಲ್ಲಿ ಆಡಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ. ಶಾಲೆಗೆ ಹೋಗುವ ಮಗು ಓಡಾಟದಲ್ಲೇ ಅದರಲ್ಲಿ ಒಂದಿಷ್ಟು ಮುಗಿಸಿಬಿಡುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಅದನ್ನು ದಿನದ ಪಟ್ಟಿಯಲ್ಲಿ ಲೆಕ್ಕದ ಪಾಠದ ಹಾಗೆ ಬರೆದೇ ಇಡಬೇಕು.

ಯಾರಿಗೆ ಇದು ಒಗ್ಗುತ್ತದೆ? ದೀರ್ಘ ಕಾಯಿಲೆಯ ಮಕ್ಕಳಿಗೆ, ಪದೇ ಪದೇ ಊರು ಬದಲಿಸುವ ಮನೆಗಳಿಗೆ, ಗದ್ದಲದ ಕೋಣೆಯಲ್ಲಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಕೆಲವು ಮಕ್ಕಳಿಗೆ ಇದು ನಿಜಕ್ಕೂ ಬಾಗಿಲು ತೆರೆದದ್ದನ್ನು ನಾನು ನೋಡಿದ್ದೇನೆ. ಮಾತು ತಡವಾದ ಮಕ್ಕಳಿಗೆ, ಮನೆಯಲ್ಲಿ ಒಂಟಿಯಾಗಿರುವ ಮಕ್ಕಳಿಗೆ ಪೂರ್ತಿ ಆನ್‌ಲೈನ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರಿಗೆ ಬೇಕಾದದ್ದು ಇನ್ನೊಂದು ಮಗುವಿನ ಜೊತೆ ಮಾತು. ಮೈಕ್ ಮ್ಯೂಟ್ ಆಗಿರುವ ಕ್ಲಾಸಿನಲ್ಲಿ ಅದು ಸಿಗುವುದು ಬಹಳ ಕಡಿಮೆ.

ಕಾಗದಪತ್ರದ ವಿಷಯ ಚಿಕ್ಕದಾಗಿ. ಶಾಲೆಗೆ ನಿಮ್ಮ ಸರ್ಕಾರದ ಮಾನ್ಯತೆ ಇದೆಯೇ, ಹಾಜರಿ ಲಾಗಿನ್ ಮೇಲೋ ಮಾಡಿದ ಕೆಲಸದ ಮೇಲೋ, ಪರೀಕ್ಷೆ ಎಲ್ಲಿ, ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರ ಸಿಗುತ್ತದೆಯೇ ಅಂತ ಬರಹದಲ್ಲಿ ಪಡೆಯಿರಿ.

ಯಾಕೆಂದರೆ ಬಹಳ ಮಕ್ಕಳು ಒಂದಲ್ಲ ಒಂದು ದಿನ ಮಾಮೂಲಿ ಶಾಲೆಗೆ ಹೋಗುತ್ತಾರೆ. ಮೊದಲ ವಾರಗಳಲ್ಲಿ ಅವರು ಗೊತ್ತಿದ್ದರೂ ಮಾತಾಡುವುದಿಲ್ಲ, ಯಾರಾದರೂ ಹೆಸರು ಕರೆಯಲಿ ಅಂತ ಕಾಯುತ್ತಾರೆ. ಬೆಲ್ ಹೊಡೆದರೆ ಬೆಚ್ಚುತ್ತಾರೆ. ಪಕ್ಕದವರು ಮುಗಿಸಿದ್ದು ಕಂಡರೆ ಗಾಬರಿಯಾಗುತ್ತಾರೆ. ಹೊಸ ಟೀಚರ್‌ಗೆ ಇದನ್ನು ಮೊದಲೇ ಹೇಳಿ. ಅಂಕಪಟ್ಟಿಯ ಜೊತೆಗೆ ಹಳೆಯ ನೋಟ್‌ಬುಕ್‌ಗಳನ್ನೂ ತೆಗೆದುಕೊಂಡು ಹೋಗಿ ಕೊಡಿ. ಆ ಎರಡನೇ ತರಗತಿಯ ಹುಡುಗ ಈಗ ಮೂರಕ್ಕೆ ಶಾಲೆಗೆ ಹೋಗುತ್ತಿದ್ದಾನೆ. ಅವನ ತಾಯಿ ಕೊಟ್ಟ ಪುಸ್ತಕದಲ್ಲಿ ಒಂದು 35 ಇತ್ತು, ಅದರ ಮೇಲೆ ಒಂದೇ ಒಂದು ಅಡ್ಡಗೆರೆ. ಪಕ್ಕದಲ್ಲಿ ಹತ್ತು ಕಡ್ಡಿಗಳ ಒಂದು ಕಟ್ಟು ಬಿಚ್ಚಿದ ಚಿತ್ರ, ಅದರ ಕೆಳಗೆ 25. ಚಿತ್ರ ಅವನೇ ಬರೆದದ್ದು.