ದಡದ ಮೇಲೆ ಕಾರ್ಖಾನೆ, ಕಡಲೊಳಗೆ ಪೈಪು: ಅನುಮತಿ ಯಾರದ್ದು?

ಪ್ರಶ್ನೆ: ನಮ್ಮ ಘಟಕ ಮಂಗಳೂರಿನ ಕಡಲ ದಡದಲ್ಲಿದೆ. ಪೈಪುಗಳು ಸಮುದ್ರಕ್ಕೆ ಇಳಿಯುತ್ತವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಸಾಕೋ, ದೆಹಲಿಗೂ ಹೋಗಬೇಕೋ?

ಉತ್ತರ: ಬಹುತೇಕ ಎರಡೂ ಕಡೆ. ಕಂಪನಿ ಸರ್ಕಾರಿಯೋ ಖಾಸಗಿಯೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಘಟಕದ ಯಾವ ಭಾಗ ಎಲ್ಲಿದೆ, ಅಲ್ಲಿ ಏನು ನಡೆಯುತ್ತದೆ ಎಂಬುದಷ್ಟೇ ಮುಖ್ಯ. ಹಾಗಾಗಿ ಅರ್ಜಿಗಿಂತ ಮೊದಲು ನಕ್ಷೆ ಬೇಕು.

1:4000 ಅಳತೆಯ ನಕ್ಷೆಯಲ್ಲಿ ಭರತದ ಗೆರೆ, ಇಳಿತದ ಗೆರೆ ಎರಡನ್ನೂ ಅಧಿಕೃತ ಸಂಸ್ಥೆಯಿಂದಲೇ ಗುರುತು ಹಾಕಿಸಿ. ಮೊಬೈಲ್ ನಕ್ಷೆಯ ಮೇಲೆ ಎಳೆದ ಗೆರೆ ಅರ್ಜಿಯಲ್ಲಿ ನಡೆಯುವುದಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯ ಪ್ರಕಾರ ಭರತದ ಗೆರೆಯಿಂದ ಭೂಮಿಯ ಕಡೆ 500 ಮೀಟರ್, ಇಳಿತದ ಗೆರೆಯಿಂದ ಸಮುದ್ರದ ಕಡೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ., ಈ ವಲಯದಲ್ಲಿ ಬರುತ್ತದೆ. ನೇತ್ರಾವತಿ, ಕಾಳಿಯಂಥ ನದಿಗಳ ದಡದಲ್ಲಿರುವವರು ಎಡವುವುದು ಇಲ್ಲೇ: ಕಡಲು ದೂರವಿದ್ದರೂ, ಕಡು ಬೇಸಿಗೆಯಲ್ಲಿ ನೀರಿನ ಲವಣಾಂಶ ಸಾವಿರಕ್ಕೆ 5 ಇರುವ ಜಾಗದವರೆಗೆ ನದಿಯಲ್ಲೂ ವಲಯ ಚಾಚಿರುತ್ತದೆ. ಅಲ್ಲಿ ದಡದಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು.

ಇನ್ನು ಯಾರು ಏನು ನೋಡುತ್ತಾರೆ? ಮಂಗಳೂರಿನ ಸಂಸ್ಕರಣಾಗಾರಕ್ಕೆ ಕಚ್ಚಾ ತೈಲ ಬರುವ ದಾರಿಯನ್ನೇ ಹಿಡಿದು ಹೋಗೋಣ. ಟ್ಯಾಂಕರ್ ಹಡಗು ಕಡಲಲ್ಲಿ ತೇಲುವ ಬೋಯಾಕ್ಕೆ ಕಟ್ಟಿಕೊಂಡು ತೈಲ ಇಳಿಸುತ್ತದೆ; ಅದು ಸಮುದ್ರತಳದ ಪೈಪಿನಲ್ಲಿ ದಡಕ್ಕೆ ಬರುತ್ತದೆ. ಹಡಗು ನೌಕಾಯಾನ ಮಹಾನಿರ್ದೇಶನಾಲಯದ ಕೆಳಗೆ. ಬೋಯಾ ಮತ್ತು ಕಡಲೊಳಗಿನ ಪೈಪಿಗೆ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರ ಶಿಫಾರಸು ಮಾಡುತ್ತದೆ, ಅನುಮತಿ ಕೊಡುವುದು ಕೇಂದ್ರ ಪರಿಸರ ಸಚಿವಾಲಯ. ತೈಲ ಸಂಸ್ಕರಣಾಗಾರ 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಲ್ಲಿ 'ಎ' ವರ್ಗ, ಆದ್ದರಿಂದ ಅದರ ಪರಿಸರ ಅನುಮತಿಯೂ ಕೇಂದ್ರದ್ದೇ. ಇಷ್ಟಾದ ಮೇಲೂ ಜಲ ಕಾಯ್ದೆ, ವಾಯು ಕಾಯ್ದೆಗಳಡಿ ಚಾಲನಾ ಸಮ್ಮತಿ ರಾಜ್ಯ ಮಂಡಳಿಯಿಂದಲೇ ಆಗಬೇಕು. ಒಂದಿದ್ದರೆ ಇನ್ನೊಂದು ಬೇಡ ಎಂದುಕೊಳ್ಳಬೇಡಿ.

ತೈಲ ಸೋರಿದರೆ ಲೆಕ್ಕ ಬೇರೆ. ಬಂದರಿನ ಮಿತಿಯೊಳಗೆ ಬಂದರಿನವರೇ ಮೊದಲು ಇಳಿಯಬೇಕು. ಬೋಯಾ ಅಥವಾ ತೈಲ ವೇದಿಕೆಯ ಸುತ್ತಲಿನ 500 ಮೀಟರ್ ಒಳಗೆ ಹೊಣೆ ಅದನ್ನು ನಡೆಸುವ ಕಂಪನಿಯದು. ಅದರಾಚೆ ಕೋಸ್ಟ್ ಗಾರ್ಡ್. ಈ ಮೂವರ ಫೋನ್ ನಂಬರು ನಿಯಂತ್ರಣ ಕೊಠಡಿಯ ಗೋಡೆಯ ಮೇಲಿರಲೇಬೇಕು.

ತ್ಯಾಜ್ಯ ನೀರಿನ ಪೈಪಿನ ತುದಿ ಕಡಲಲ್ಲಿದೆ, ಹಾಗಾಗಿ ಮಂಡಳಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ವಾದವನ್ನು ಅನೇಕರು ಹೂಡುತ್ತಾರೆ. ಅದು ತಪ್ಪು. ಜಲ ಕಾಯ್ದೆಯ 2(ಜೆ) ಕಲಮಿನಲ್ಲಿ 'ಸ್ಟ್ರೀಮ್' ಎಂಬ ಪದಕ್ಕೆ, ರಾಜ್ಯ ಸರ್ಕಾರ ಅಧಿಸೂಚಿಸಿದಷ್ಟು ದೂರದವರೆಗಿನ ಸಮುದ್ರವೂ ಸೇರುತ್ತದೆ. ಮಾನದಂಡ ಮಾತ್ರ ಬೇರೆ: ಸಾಮಾನ್ಯ ಮಿತಿಯಲ್ಲಿ ಬಿಒಡಿ (ನೀರಿನಲ್ಲಿರುವ ಸಾವಯವ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ) ಒಳನಾಡಿನ ನೀರಿಗೆ ಲೀಟರಿಗೆ 30 ಮಿ.ಗ್ರಾಂ, ಕಡಲಿಗೆ 100. ನಿಮ್ಮ ಉದ್ಯಮಕ್ಕೆ ಪ್ರತ್ಯೇಕ ಮಾನದಂಡವಿದ್ದರೆ ಅದನ್ನೇ ಪಾಲಿಸಬೇಕು.

12 ನಾಟಿಕಲ್ ಮೈಲಿ ದಾಟಿದರೆ ಸಿಆರ್‌ಝಡ್ ಮುಗಿಯಿತು. ಅಲ್ಲಿಂದ ಮುಂದೆ ಕೇಂದ್ರದ್ದೇ ಆಡಳಿತ. ಮುಂಬೈ ಹೈ ತೈಲ ಕ್ಷೇತ್ರ ಇರುವುದು ದಡದಿಂದ ಸುಮಾರು 160 ಕಿ.ಮೀ. ದೂರದಲ್ಲಿ. ಅಂಥ ತೈಲ ವೇದಿಕೆಗಳ ಸುರಕ್ಷತೆಯನ್ನು 2008ರ ನಿಯಮಗಳಡಿ ಒಐಎಸ್‌ಡಿ (ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ) ನೋಡುತ್ತದೆ, ತೈಲ ಉತ್ಪಾದನೆಗೆ ಪರಿಸರ ಅನುಮತಿ ಕೇಂದ್ರ ಸಚಿವಾಲಯದ್ದು. ಆದರೆ 2020ರ ಜನವರಿ ತಿದ್ದುಪಡಿಯ ನಂತರ ಬರೀ ಅನ್ವೇಷಣೆ, ಪರಿಣಾಮ ವರದಿ ಬೇಡದ 'ಬಿ2' ವರ್ಗಕ್ಕೆ ಇಳಿದಿದೆ. ಇಷ್ಟು ದೊಡ್ಡ ಅಪಾಯದ ಕೆಲಸಕ್ಕೆ ಆ ವರ್ಗ ತೀರಾ ಸಡಿಲವಾಯಿತು ಎಂಬುದು ನಮ್ಮ ಅಭಿಪ್ರಾಯ. ಅರ್ಜಿಯಲ್ಲಿ ಅನ್ವೇಷಣೆ ಎಂದು ಬರೆದು ಉತ್ಪಾದನೆ ಶುರುಮಾಡಿದರೆ ಅದು ಅನುಮತಿ ಇಲ್ಲದ ಚಟುವಟಿಕೆಯಾಗುತ್ತದೆ.

ಇನ್ನೊಂದು ವಿಷಯ: ರಾಜ್ಯದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರದ ಅವಧಿ ಮುಗಿದು ಹೊಸದು ರಚನೆಯಾಗದಿದ್ದರೆ, ರಾಜ್ಯ ಮಟ್ಟದಲ್ಲೇ ತೀರ್ಮಾನವಾಗುವ 'ಬಿ' ವರ್ಗದ ಕಡತವೂ ಕೇಂದ್ರಕ್ಕೆ ಹೋಗುತ್ತದೆ. ಅರ್ಜಿ ಹಾಕುವ ದಿನ ಪ್ರಾಧಿಕಾರ ಅಸ್ತಿತ್ವದಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ.